ಅತ್ತೆಯ ಹಲ್ಲು

ಯೊರುನ್ ನಕ್ಷೆಯ ನಾಲ್ಕನೆಯ ಮೂಲೆಗೆ ಮೊಳೆ ಹೊಡೆಯುವಷ್ಟರಲ್ಲಿ ಮೀನು ಇಳಿಸುವ ಶೆಡ್ಡು ತುಂಬಿಹೋಗಿತ್ತು. ಸೀಗಡಿ ಹಿಡಿಯುವ ಇಪ್ಪತ್ತು ಮಂದಿ ಖಾಲಿ ಪೆಟ್ಟಿಗೆಗಳ ಮೇಲೆ ಕೂತಿದ್ದರು. ಒಬ್ಬನೂ ಟೋಪಿ ತೆಗೆದಿರಲಿಲ್ಲ. ಆ ಕಡೆ ಟೋಪಿ ತೆಗೆಯದೆ ಕೂತರು ಅಂದರೆ ಹೆಚ್ಚು ಹೊತ್ತು ಕೂರುವ ಮನಸ್ಸಿಲ್ಲ ಎಂದೇ ಅರ್ಥ.

ಅದು ಸಾವಿರದ ಒಂಬೈನೂರ ಎಪ್ಪತ್ತನಾಲ್ಕರ ಏಪ್ರಿಲ್. ನಾರ್ವೆಯ ದಕ್ಷಿಣ ಕರಾವಳಿಯಿಂದ ಡೆನ್ಮಾರ್ಕಿನವರೆಗೆ ಸಮುದ್ರದ ತಳದಲ್ಲಿ ಕರೆಂಟಿನ ಕೇಬಲ್ ಎಳೆಯುವ ಮಾತು ನಡೆದಿತ್ತು. ನಡುವೆ ಐನೂರು ಮೀಟರಿಗೂ ಮಿಕ್ಕಿದ ಕಮರಿ. ಅಷ್ಟು ಆಳದಲ್ಲಿ ಇಂಥ ಕೇಬಲ್ ಹಾಕಿದವರು ಆವರೆಗೆ ಯಾರೂ ಇರಲಿಲ್ಲ. ಕೇಬಲ್ ಯಾವ ದಾರಿಯಲ್ಲಿ ಮಲಗಬೇಕು ಎಂದು ಗುರುತಿಸುವ ಕೆಲಸ ಯೊರುನ್‌ಳದು. ಇಪ್ಪತ್ತೊಂಬತ್ತರ ಹೆಣ್ಣು, ಒಳನಾಡಿನ ಬೆಟ್ಟದ ಕಣಿವೆಯವಳು. ಹಡಗು ಹತ್ತಿದರೆ ಮೊದಲ ಎರಡು ಗಂಟೆ ಬಕೀಟು ತಬ್ಬಿಕೊಂಡು ಕೂರುತ್ತಿದ್ದಳು. ಮೂರನೆಯ ಗಂಟೆಗೆ ಮುಖ ತೊಳೆದುಕೊಂಡು ಬಂದು, ಏನೂ ಆಗಿಲ್ಲವೆಂಬಂತೆ ಅಳತೆ ಬರೆಯಲು ಶುರುಮಾಡುತ್ತಿದ್ದಳು.

"ಮಳೆ, ಹಿಮ ಚೆನ್ನಾಗಿ ಬಿದ್ದ ವರ್ಷ ನಮ್ಮ ಜಲಾಶಯದ ಕರೆಂಟು ಅವರಿಗೆ ಹೋಗುತ್ತೆ," ಅಂದಳು. "ನೀರಿಲ್ಲದ ವರ್ಷ ಅವರ ಕಲ್ಲಿದ್ದಲಿನ ಕರೆಂಟು ನಮಗೆ ಬರುತ್ತೆ. ಅಕ್ಕಪಕ್ಕದ ಮನೆಯವರು ಹಿಟ್ಟು ಸಕ್ಕರೆ ಕೊಟ್ಟು ತಗೊಂಡ ಹಾಗೆ."

"ಅಂದ್ರೆ, ಡೇನರು ಆಲೂಗೆಡ್ಡೆ ಬೇಯಿಸ್ಕೊಳ್ಳಲಿ ಅಂತ ನಾವು ನಮ್ಮ ಸೀಗಡಿ ಜಾಗ ಬಿಟ್ಟುಕೊಡಬೇಕು," ಎಂದ ಹಿಂದಿನಿಂದ ಒಬ್ಬ.

"ಬೇಯಿಸಿದ್ದನ್ನ ನುಂಗಲ್ಲ ಕಣೋ ಅವರು. ಬಾಯಲ್ಲೇ ಇಟ್ಕೊಂಡು ಮಾತಾಡ್ತಾರೆ, ಅದಕ್ಕೇ ಒಂದಕ್ಷರ ತಿಳಿಯಲ್ಲ!" ಎಂದ ಇನ್ನೊಬ್ಬ.

ಶೆಡ್ಡಿಗೆ ಶೆಡ್ಡೇ ನಕ್ಕಿತು. ಯೊರುನ್‌ಗೂ ನಗು ಬಂತು. ನಗದೆ ಉಳಿದವನು ಮುಂದಿನ ಪೆಟ್ಟಿಗೆಯ ಮೇಲೆ ಕೂತಿದ್ದ ಗುನ್ವಾಲ್ ಒಬ್ಬನೇ. ಅರವತ್ತಾರು ವರ್ಷ, ಊರಿನ ದೋಣಿ ನಡೆಸುವ ಸ್ಕಿಪ್ಪರ್‌ಗಳಲ್ಲೆಲ್ಲ ಹಿರಿಯ. ಅವನು ಎದ್ದು ಬಂದು, ದಪ್ಪ ಬೆರಳನ್ನು ನಕ್ಷೆಯ ಮೇಲೆ ಇಟ್ಟ.

"ಎಂಜಿನಿಯರಮ್ಮ, ನೀವು ಗೆರೆ ಎಳೆದಿರೋದು ನಮ್ಮ ಅನ್ನದ ತಟ್ಟೆ ಮೇಲೆ. ಈ ಇಳಿಜಾರಿನಲ್ಲಿ ನಾವು ಬಲೆ ಎಳೀತೀವಿ. ಬಲೆಗೆ ನಿಮ್ಮ ಕೇಬಲ್ ಸಿಕ್ಕಿಕೊಂಡರೆ ಕೇಬಲ್ಲೇನೋ ಉಳಿಯಬಹುದು, ದೋಣಿ ಮಗುಚುತ್ತೆ. ನಿಮಗೆ ಹೋಗೋದು ಕರೆಂಟು, ನಮಗೆ ಹೋಗೋದು ಜೀವ."

"ಎಷ್ಟು ಸರಿಸಿದರೆ ನಿಮಗೆ ಸರಿಹೋಗುತ್ತೆ?"

ಅವಳು ಹಾಗೆ ಕೇಳುತ್ತಾಳೆಂದು ಅವನು ಎಣಿಸಿರಲಿಲ್ಲ. ಬೆರಳನ್ನು ಬಲಕ್ಕೆ ಸರಿಸಿದ. "ಪೂರ್ವಕ್ಕೆ ಮುನ್ನೂರು ಮೀಟರ್," ಅಂದ. ಹಿಂದೆ ಒಬ್ಬೊಬ್ಬರೇ ಟೋಪಿ ತೆಗೆದರು.

ಓಸ್ಲೋದಲ್ಲಿದ್ದ ಮುಖ್ಯ ಎಂಜಿನಿಯರ್ ಒಪ್ಪಲಿಲ್ಲ. ಸಮುದ್ರದ ತಳವನ್ನು ಐನೂರು ಮೀಟರಿಗೊಂದು ಗೆರೆಯಂತೆ ಅಳೆದಿದ್ದಾಗಿದೆ, ಈಗ ಹಾದಿ ಸರಿಸಿದರೆ ಅದು ಅಳೆದ ಎರಡು ಗೆರೆಗಳ ನಡುವೆ ಬೀಳುತ್ತದೆ ಎಂದು ಅವರ ವಾದ. ಎರಡೂ ಗೆರೆಗಳಲ್ಲಿ ನುಣ್ಣನೆಯ ಜೇಡಿಯೇ ಕಂಡಿದೆ, ನಡುವೆಯೂ ಅದೇ ಇದ್ದೀತು ಎಂದು ಯೊರುನ್‌ಳ ವಾದ. ಎರಡು ವಾರ ಫೋನಿನಲ್ಲಿ ಜಗ್ಗಾಡಿ ಕೊನೆಗೆ ಅವಳೇ ಗೆದ್ದಳು. ಹೊಸ ನಕ್ಷೆ ತಂದು ಅದೇ ಗೋಡೆಗೆ ಹಚ್ಚಿದಳು.

ಆ ದಿನ ಸೀಗಡಿ ಇಳಿಸಲು ಬಂದ ಗುನ್ವಾಲ್ ನಕ್ಷೆಯ ಮುಂದೆ ನಿಂತ. ನೋಡುತ್ತಾ ನೋಡುತ್ತಾ ಅವನ ಮುಖ ಇಳಿದುಹೋಯಿತು. ಯೊರುನ್ ಹತ್ತಿರ ಬಂದು, "ನೀವು ಹೇಳಿದಷ್ಟೇ ಸರಿಸಿದೀನಿ, ಸ್ಕಿಪ್ಪರ್," ಅಂದಳು. ಅವನು ಪೆಟ್ಟಿಗೆ ಎತ್ತಿಕೊಂಡು ಹೊರಟುಹೋದ.

ಮರುದಿನ ಭಾನುವಾರ. ಚರ್ಚು ಬಿಟ್ಟ ಮೇಲೆ ಅವನು ಅದೇ ಕರಿ ಕೋಟಿನಲ್ಲಿ ಅವಳ ಬಾಡಿಗೆ ಕೋಣೆಗೆ ಬಂದ. ಅವಳು ಕಾಫಿ ಬಗ್ಗಿಸಿ, ಕಂದು ಬಣ್ಣದ ಚೀಸ್ ಇಟ್ಟ ವಾಫಲ್ ದೋಸೆ ಮುಂದಿಟ್ಟಳು. ಅವನು ಮುಟ್ಟಲಿಲ್ಲ. ಕೋಟಿನ ಒಳಜೇಬಿನಿಂದ ಎಣ್ಣೆಬಟ್ಟೆಯಲ್ಲಿ ಸುತ್ತಿದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟು, ಅದರ ಮೇಲೆ ಕೈ ಇಟ್ಟುಕೊಂಡು ಕೂತ.

"ಇದು ನಮ್ಮಪ್ಪಂದು. ಕಡಲ ತಳದಲ್ಲಿ ಎಲ್ಲೆಲ್ಲಿ ಬಲೆ ಹರಿಯುತ್ತೆ ಅಂತ ಬರೆದಿಟ್ಟದ್ದು. ಆಮೇಲೆ ನಾನೂ ಸೇರಿಸಿದೀನಿ. ಈ ಊರಲ್ಲಿ ಇಂಥ ಪುಸ್ತಕ ಇಲ್ಲದ ಮನೆ ಇಲ್ಲ, ಪಕ್ಕದ ಮನೆಯವನಿಗೆ ತೋರಿಸಿದ ಮನೆಯೂ ಇಲ್ಲ. ನನ್ನ ಹೆಂಡತಿಯೇ ಇದರ ಒಳಗೇನಿದೆ ಅಂತ ನೋಡಿಲ್ಲ."

"ಮತ್ತೆ ನನಗ್ಯಾಕೆ ತಂದ್ರಿ?"

"ಯಾಕಂದ್ರೆ ಪೂರ್ವಕ್ಕೆ ಸರಿಸಿ ಅಂತ ಹೇಳಿದವನು ನಾನು. ಈಗ ನಿಮ್ಮ ಗೆರೆ ಅತ್ತೆಯ ಹಲ್ಲಿನ ಹತ್ತಿರಕ್ಕೆ ಬಂದಿದೆ."

"ಯಾರ ಅತ್ತೆ?"

"ಅಪ್ಪನ ಅತ್ತೆ, ಅಂದ್ರೆ ನನ್ನ ಅಜ್ಜಿ. ಬಾಯಲ್ಲಿ ಒಂದೇ ಹಲ್ಲು. ಕಚ್ಚಿದ್ರೆ ಬಿಡ್ತಿರಲಿಲ್ಲವಂತೆ," ಎಂದ. ಮುಖದಲ್ಲಿ ನಗುವಿರಲಿಲ್ಲ. "ಜೇಡಿ ಸೀಳಿಕೊಂಡು ನಿಂತ ಬಂಡೆ ಅದು. ಅಪ್ಪ ಆಗ ಗಾಳದ ಹಗ್ಗ ಬಿಡ್ತಿದ್ದ. ಮೂರು ಸಲ ಹಗ್ಗ ಅಲ್ಲೇ ಹರೀತು. ಅಲ್ಲಿಂದೀಚೆಗೆ ನಾವು ಅರ್ಧ ಮೈಲಿ ದೂರದಿಂದ ಸುತ್ತು ಹಾಕ್ತೀವಿ. ಇನ್ನೂ ಹತ್ತಿರ ಹೋಗಿ ನೋಡೋ ಹುಚ್ಚು ಯಾರಿಗೂ ಬಂದಿಲ್ಲ."

ಯೊರುನ್ ಕಾಫಿ ಲೋಟ ಕೆಳಗಿಟ್ಟಳು. ಬಂಡೆಯ ತುದಿಗೆ ತಗುಲಿದ ಕೇಬಲ್ ಎರಡೂ ಕಡೆ ಜೋತುಬೀಳುತ್ತದೆ. ಅಡಿಯ ಪ್ರವಾಹಕ್ಕೆ ಹಗಲಿರುಳು ತೂಗಾಡಿ, ಸವೆದು, ಎರಡೇ ವರ್ಷದಲ್ಲಿ ಸೀಳಿಹೋಗಬಹುದು. ಅದಕ್ಕೂ ಮೊದಲೇ ಯಾರದಾದರೂ ಬಲೆ ಅದರ ಕೆಳಗೆ ನುಗ್ಗಿದರೆ ಮುಂದಿನದನ್ನು ಯೋಚಿಸುವುದೂ ಬೇಡ.

ಗುನ್ವಾಲ್ ಪುಸ್ತಕ ತೆರೆದು, ಕನ್ನಡಕ ಮೂಗಿನ ತುದಿಗೆ ಇಳಿಸಿ ಓದಿದ. "ದೋಣಿಯಿಂದ ನೋಡಿದರೆ ಚರ್ಚಿನ ಗೋಪುರ ಹೊರಗಡೆಯ ಬಂಡೆದ್ವೀಪದ ನೆತ್ತಿ ಮೇಲೆ. ಇದು ಒಂದು ನೇರ. ಬೋಳುಗುಡ್ಡದ ಕಡಿದಾದ ಅಂಚು, ಓಸೆನ್ ತೋಟದ ಕೆಂಪು ಕೊಟ್ಟಿಗೆಯ ಮಾಡಿನ ತುದಿಗೆ ಸರಿಯಾಗಿ. ಇದು ಇನ್ನೊಂದು ನೇರ. ಎರಡು ನೇರ ಎಲ್ಲಿ ಕತ್ತರಿಸುತ್ತೋ ಅಲ್ಲೇ ಹಲ್ಲು."

"ಗೋಪುರ ಇದೆ, ದ್ವೀಪ ಇದೆ, ಗುಡ್ಡ ಇದೆ," ಎಂದು ಯೊರುನ್ ಬರೆದುಕೊಂಡಳು. "ಕೊಟ್ಟಿಗೆ ಎಲ್ಲಿದೆ?"

"ಮೂವತ್ತೆಂಟರಲ್ಲಿ ಸಿಡಿಲು ಬಡಿದು ಸುಟ್ಟುಹೋಯ್ತು."

ಹೀಗೆ, ಸಮುದ್ರದ ತಳದ ಬಂಡೆಯನ್ನು ಹುಡುಕಲು ಅವರು ಬೆಟ್ಟ ಹತ್ತಬೇಕಾಯಿತು. ಓಸೆನ್ ತೋಟದಲ್ಲಿ ಈಗ ವಾಸವಿರಲಿಲ್ಲ. ಹೊಲವೆಲ್ಲ ಕಾಡು ಬೆಳೆದಿತ್ತು. ಗುನ್ವಾಲ್ ಕುಡುಗೋಲು ಹಿಡಿದು ರಾಸ್ಪ್‌ಬೆರಿ ಪೊದೆಗಳನ್ನು ಸವರುತ್ತಾ ಮುಂದೆ ನಡೆದ. ಕೋನ ಅಳೆಯುವ ಥಿಯೊಡೊಲೈಟ್ ಹೆಗಲಿಗೇರಿಸಿಕೊಂಡು ಯೊರುನ್ ಹಿಂದೆ. ಇಳಿಜಾರಿನಲ್ಲಿ ಅವನಿಗೆ ಏದುಸಿರು ಬಂತು, ಅವಳಿಗೆ ಬರಲಿಲ್ಲ.

"ಬೆಟ್ಟದ ಆಡು ಕಣಮ್ಮಾ ನೀನು," ಎಂದ ಬೆವರು ಒರೆಸಿಕೊಂಡು. ಆವತ್ತಿನಿಂದ ಅವಳು ಅವನಿಗೆ 'ನೀನು' ಆದಳು.

ಮಧ್ಯಾಹ್ನದ ಹೊತ್ತಿಗೆ ಪೊದೆಯ ಬುಡದಲ್ಲಿ ಕರಿ ಹಿಡಿದ ತಳಪಾಯದ ಕಲ್ಲುಗಳು ಸಿಕ್ಕವು. ಕೊಟ್ಟಿಗೆಯ ನಾಲ್ಕು ಮೂಲೆಯೂ ಖಚಿತವಾಗಿ ಗೊತ್ತಾಯಿತು. ಯೊರುನ್ ಕೋನ ಅಳೆದು, ಲೆಕ್ಕ ಹಾಕಿ, ಎರಡು ನೇರಗಳನ್ನು ನಕ್ಷೆಯ ಮೇಲೆ ಎಳೆದಳು. ಕತ್ತರಿಸಿದ ಜಾಗ ದಡದಿಂದ ಹದಿನಾಲ್ಕು ಕಿಲೋಮೀಟರ್ ಆಚೆ, ಕೇಬಲ್ಲಿನ ಹಾದಿಗಿಂತ ನಾನೂರು ಮೀಟರ್ ಪೂರ್ವಕ್ಕೆ ಬಿತ್ತು.

ಅಳತೆಯ ಹಡಗಿನಲ್ಲಿ ಡೆನ್ಮಾರ್ಕಿನ ಕಡೆಯಿಂದ ಬಂದ ಎಂಜಿನಿಯರ್ ಟೋರ್ಬೆನ್ ಇದ್ದ. ಉದ್ದನೆಯ, ನಗುಮುಖದ ಆಳು, ಯೊರುನ್‌ಳ ಓರಗೆಯವನು. ಆಳ ಅಳೆಯುವ ಯಂತ್ರದ ಮುಂದೆ ಅವನು ಕೂತು ಅಂಕಿ ಕೂಗುತ್ತಿದ್ದ, ಯೊರುನ್ ಬರೆಯುತ್ತಿದ್ದಳು. ಗುನ್ವಾಲ್ ಕಿಟಕಿಯ ಬಳಿ ನಿಂತು ದುರ್ಬೀನಿನಲ್ಲಿ ಗೋಪುರ ಹುಡುಕುತ್ತಿದ್ದ.

"ನೂರ ಎಪ್ಪತ್ತು!" ಎಂದ ಟೋರ್ಬೆನ್ ತನ್ನ ಭಾಷೆಯಲ್ಲಿ.

"ಎಷ್ಟಂತೆ?" ಗುನ್ವಾಲ್ ಕೇಳಿದ.

"ನೂರ ಎಪ್ಪತ್ತು, ಸ್ಕಿಪ್ಪರ್," ಎಂದಳು ಯೊರುನ್.

"ಎಪ್ಪತ್ತು ಅನ್ನೋಕೆ ಅರ್ಧಕಮ್ಮಿ ನಾಲ್ಕು ಸಲ ಇಪ್ಪತ್ತು ಅಂತಾನಲ್ಲ! ಹೀಗೆ ಎಣಿಸೋ ಜನ ದಡ ಮುಟ್ಟೋದೇ ದೊಡ್ಡದು."

"ಗುಡ್ಡ ಇಲ್ಲದ ದೇಶ ನಮ್ಮದು, ಅಪ್ಪಾ," ಎಂದ ಟೋರ್ಬೆನ್ ಯಂತ್ರದಿಂದ ಕಣ್ಣು ತೆಗೆಯದೆ. "ಹತ್ತೋಕೆ ಏನೂ ಇಲ್ಲವಲ್ಲ ಅಂತ ಅಂಕಿಯನ್ನೇ ಕಡಿದಾಗಿ ಇಟ್ಕೊಂಡಿದೀವಿ."

ಮೊದಲ ದಿನ ಹೊಲ ಉಳುವ ಹಾಗೆ ಹಿಂದಕ್ಕೂ ಮುಂದಕ್ಕೂ ಓಡಾಡಿದರು. ಐವತ್ತು ಮೀಟರಿಗೊಂದು ಸಾಲು. ಕಾಗದದ ಮೇಲೆ ಯಂತ್ರದ ಸೂಜಿ ಎಳೆದದ್ದು ನುಣ್ಣನೆಯ ಜೇಡಿಯ ಗೆರೆ ಮಾತ್ರ. ಎರಡನೆಯ ದಿನವೂ ಅದೇ. ಸಂಜೆ ರೇಡಿಯೋದಲ್ಲಿ ಮುಖ್ಯ ಎಂಜಿನಿಯರ್ ಧ್ವನಿ ಬಂತು. "ಬೆಟ್ಟ ಅಗೆದವರಿಗೆ ಇಲಿಯಾದರೂ ಸಿಗುತ್ತಂತೆ. ನಿಮಗೆ ಅದೂ ಸಿಕ್ಕಿಲ್ಲ. ಇನ್ನೊಂದು ವಾರ ಹಡಗು ಇರುತ್ತೆ. ಅದಕ್ಕೆ ಬೇರೆ ಕೆಲಸ ಇದೆ, ಯೊರುನ್."

ಬಂದರಿಗೆ ಮರಳಿದ ಮೇಲೂ ಗುನ್ವಾಲ್ ಮನೆಗೆ ಹೋಗದೆ ದಕ್ಕೆಯ ಕಂಬಕ್ಕೆ ಒರಗಿ ನಿಂತಿದ್ದ. ಯೊರುನ್ ಪಕ್ಕದಲ್ಲಿ ಹೋಗಿ ನಿಂತಳು.

"ನಮ್ಮಪ್ಪ ಸುಳ್ಳು ಬರೆಯೋನಲ್ಲ," ಎಂದ ಕಡೆಗೆ. "ಕುಡೀತಿದ್ದ, ಹೌದು. ಬಾಯಿ ಕೆಟ್ಟದು, ಅದೂ ಹೌದು. ಆದರೆ ಈ ಪುಸ್ತಕದಲ್ಲಿ ಮಾತ್ರ ಸುಳ್ಳು ಬರೀತಿರಲಿಲ್ಲ."

"ನಾನು ಹಾಗಂದೆನಾ? ಬಂಡೆ ಇದೆ. ತಪ್ಪಿರೋದು ನನ್ನ ಲೆಕ್ಕದಲ್ಲಿ, ಇಲ್ಲಾ ಕೊಟ್ಟಿಗೆಯಲ್ಲಿ. ಅವರು ಅದನ್ನ ಬರೆದದ್ದು ಯಾವಾಗ?"

ಅವನು ಪುಸ್ತಕ ತೆಗೆದ. ಬಟ್ಟೆ ಬಿಚ್ಚಿ, ಮೊದಲ ಸಲ, ಅದನ್ನು ಅವಳ ಕೈಗೇ ಕೊಟ್ಟ. ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಮಸುಕಾಗಿ ಬರೆದಿತ್ತು: 1911.

"ಆಗ ನಿಮಗೆಷ್ಟು ವಯಸ್ಸು?"

"ಮೂರು."

"ಅಂದ್ರೆ, ನೀವು ನೋಡಿದ ಕೊಟ್ಟಿಗೆಯೇ ಅವರು ನೋಡಿದ ಕೊಟ್ಟಿಗೆ ಅಂತ ಯಾರು ಹೇಳಿದ್ರು?"

ಗುನ್ವಾಲ್ ಅವಳ ಮುಖವನ್ನೇ ನೋಡಿದ. ಆಮೇಲೆ, "ಓಗೊತ್ ಇನ್ನೂ ಇದ್ದಾಳೆ," ಎಂದ.

ಓಗೊತ್ ಓಸೆನ್ ತೋಟಕ್ಕೆ ಸೊಸೆಯಾಗಿ ಬಂದವಳು. ಈಗ ಎಂಬತ್ತನಾಲ್ಕು, ಪೇಟೆಯ ವೃದ್ಧಾಶ್ರಮದಲ್ಲಿ ಹೂ ಕುಂಡಗಳ ನಡುವೆ ಕೂತು ಕಾಲುಚೀಲ ಹೆಣೆಯುತ್ತಿದ್ದಳು. ಬೆಳಿಗ್ಗೆ ಇವರಿಬ್ಬರು ಹೋಗಿ ನಿಂತಾಗ ಅವಳು ಗುನ್ವಾಲ್‌ನನ್ನು ಮೇಲಿಂದ ಕೆಳಗೆ ನೋಡಿದಳು.

"ಕಡಲಿನೋನು ಹೂ ಹಿಡಿದು ಬಂದಿದೀಯ ಅಂದ್ರೆ ಏನೋ ಬೇಕಾಗಿದೆ. ಕೇಳು."

"ನಿಮ್ಮ ಕೊಟ್ಟಿಗೆ ಎಲ್ಲಿತ್ತು, ಓಗೊತ್ತಮ್ಮ?"

"ಯಾವುದು? ಸುಟ್ಟಿದ್ದೋ, ಕುಸಿದಿದ್ದೋ?"

ಯೊರುನ್ ಕುರ್ಚಿಯ ತುದಿಗೆ ಜಾರಿದಳು. ಮುದುಕಿ ಸೂಜಿ ನಿಲ್ಲಿಸದೆಯೇ ಹೇಳಿದಳು. ತಾನು ಮದುವೆಯಾಗಿ ಬಂದಾಗ ಇದ್ದದ್ದು ಹಳೆಯ ಕೊಟ್ಟಿಗೆ. ಸಾವಿರದ ಒಂಬೈನೂರ ಹನ್ನೆರಡರ ಚಳಿಗಾಲ ಹಿಮದ ಭಾರಕ್ಕೆ ಮಾಡು ಕುಸಿದು ನಾಲ್ಕು ಹಸು ಸತ್ತವು. ಆ ಜಾಗ ಆಗಿಬರಲಿಲ್ಲವೆಂದು ಮಾವ ಹೊಸದನ್ನು ಬೇರೆ ಕಡೆ ಕಟ್ಟಿಸಿದ.

"ಹಳೇದು ಒರತೆಯ ಪಕ್ಕದಲ್ಲಿತ್ತು. ಹೊಸದರ ಬಾಗಿಲಿಂದ ಪಶ್ಚಿಮಕ್ಕೆ ಅರವತ್ತೆಪ್ಪತ್ತು ಹೆಜ್ಜೆ. ನೀರು ಹೊತ್ತವಳು ನಾನು. ನನ್ನ ಮೊಣಕಾಲನ್ನ ಕೇಳು, ಸರಿಯಾಗಿ ಹೇಳುತ್ತೆ."

ಯೊರುನ್ ಅವಳ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು.

"ಇಷ್ಟಕ್ಕೆಲ್ಲ ಯಾಕೆ ಅಳ್ತೀಯೇ?" ಎಂದಳು ಓಗೊತ್. "ಹೋಗು, ಹಗಲಿರುವಾಗಲೇ ಹುಡುಕು."

ಒರತೆ ಈಗಲೂ ಒಸರುತ್ತಿತ್ತು. ಅದರ ಪಕ್ಕದ ಪಾಚಿಯ ಕೆಳಗೆ ಗುನ್ವಾಲ್‌ನ ಕುಡುಗೋಲು ಠಣ್ಣೆಂದಿತು. ಒಂದು ಕಲ್ಲು, ಆಮೇಲೆ ಅದರ ಸಾಲಿನಲ್ಲಿ ಇನ್ನೊಂದು. ಹಳೆಯ ಮೂಲೆಗೂ ಹೊಸ ಮೂಲೆಗೂ ಐವತ್ತು ಮೀಟರ್ ಅಂತರ. ಗುಡ್ಡ ಕೊಟ್ಟಿಗೆಯ ಹಿಂದೆ ಎರಡೇ ಕಿಲೋಮೀಟರ್, ಕಡಲ ಗುರುತು ಮುಂದೆ ಹದಿನಾಲ್ಕು ಕಿಲೋಮೀಟರ್. ದಡದ ಐವತ್ತು ಮೀಟರ್ ಅಲ್ಲಿಗೆ ಹೋಗುವಷ್ಟರಲ್ಲಿ ಎಂಟು ಪಟ್ಟು ಬೆಳೆದು ನಾನೂರಾಗುತ್ತದೆ. ಯೊರುನ್ ಕಲ್ಲಿನ ಮೇಲೆಯೇ ಕಾಗದ ಹಾಸಿ ಲೆಕ್ಕ ಹಾಕಿದಳು. ಇನ್ನೊಮ್ಮೆ ಹಾಕಿದಳು. ಪೆನ್ಸಿಲಿನ ತುದಿ ಕೇಬಲ್ಲಿನ ಹಾದಿಯ ಮೇಲೆಯೇ ಬಂದು ನಿಂತಿತು.

ಮರುದಿನ ಗಾಳಿ ಇರಲಿಲ್ಲ. ಹಡಗು ಹೊಸ ಜಾಗಕ್ಕೆ ಬಂದು ಉಳಲು ಶುರುಮಾಡಿತು. ಮೊದಲ ಸಾಲು ಖಾಲಿ. ಎರಡನೆಯದೂ ಖಾಲಿ. ಮೂರನೆಯ ಸಾಲಿನ ನಡುವೆ ಟೋರ್ಬೆನ್ ಅಂಕಿ ಕೂಗುವುದನ್ನು ನಿಲ್ಲಿಸಿದ. ಅದುವರೆಗೆ ನೆಟ್ಟಗೆ ಹೋಗುತ್ತಿದ್ದ ಸೂಜಿ ಕಾಗದದ ಮೇಲೆ ತಟ್ಟನೆ ಮೇಲಕ್ಕೆ ಏರಿ, ಚೂಪಾಗಿ ತಿರುಗಿ, ಹಾಗೇ ಕೆಳಕ್ಕೆ ಇಳಿಯಿತು.

"ಹನ್ನೊಂದು ಮೀಟರ್," ಎಂದ ಮೆಲ್ಲಗೆ. "ಜೇಡಿಯಿಂದ ಹನ್ನೊಂದು ಮೀಟರ್ ಎದ್ದು ನಿಂತಿದೆ. ಅಗಲ ಇಪ್ಪತ್ತೂ ಇಲ್ಲ."

ಯೊರುನ್ ಕಾಗದ ಹರಿದು ಗುನ್ವಾಲ್‌ನ ಮುಂದೆ ಹಿಡಿದಳು. ಎರಡು ತಲೆಮಾರು ಹೆದರಿ ಸುತ್ತುಹಾಕಿ ಹೋಗುತ್ತಿದ್ದ ಬಂಡೆಯನ್ನು ಅವನು ಮೊದಲ ಸಲ ನೋಡುತ್ತಿದ್ದ. ಕಾಗದದ ಮೇಲಿನ ಆ ಚೂಪು ಗೆರೆಯ ಮೇಲೆ ಬೆರಳಾಡಿಸಿದ.

"ಹಗ್ಗ ಹರಿದು ಹೋಗಿ ಬರಿಗೈಲಿ ಬಂದಿರ್ತಾನೆ. ಮೈಯೆಲ್ಲ ಒದ್ದೆ. ಆದ್ರೂ ಕೂತು ಎರಡು ನೇರ ನೋಡಿ ಬರೆದಿಟ್ಟಿದಾನೆ," ಎಂದ. "ಅದೂ ಬರಿಗಣ್ಣಿನಲ್ಲಿ."

ಟೋರ್ಬೆನ್ ಎದ್ದು ನಿಂತು ಟೋಪಿ ತೆಗೆದ. "ನಮ್ಮ ಯಂತ್ರದಿಂದ ತಪ್ಪಿಸಿಕೊಂಡದ್ದನ್ನ ನಿಮ್ಮಪ್ಪ ಹಿಡಿದಿದ್ದಾರೆ. ಇಂಥವರ ಕೈಕೆಳಗೆ ಕೆಲಸ ಮಾಡಬೇಕಿತ್ತು."

"ಮಾಡಿದ್ದಿದ್ರೆ ಮೊದಲ ದಿನವೇ ನಿನ್ನನ್ನ ಕಡಲಿಗೆ ಎಸೀತಿದ್ದ. ಎಣಿಸೋಕೆ ಬರಲ್ಲ ಅಂತ."

ಕೇಬಲ್ಲಿನ ಹಾದಿ ಮತ್ತೆ ಸರಿಯಿತು. ಈ ಸಲ ಯೊರುನ್ ಕೇಳುವ ಮೊದಲೇ ಉಳಿದ ಮನೆಗಳಿಂದ ಒಬ್ಬೊಬ್ಬರಾಗಿ ಬಂದರು. ಯಾರೂ ಪುಸ್ತಕ ಕೊಡಲಿಲ್ಲ, ತಾವೇ ಓದಿದರು. ಹಾದಿಗೆ ತಾಗುವ ಗುರುತುಗಳನ್ನಷ್ಟೇ ಅವಳು ಬರೆದುಕೊಂಡಳು. ಒಬ್ಬನ ಗುಟ್ಟು ಇನ್ನೊಬ್ಬನ ಕಿವಿಗೆ ಬೀಳದಂತೆ ನೋಡಿಕೊಂಡಳು. ಮುಳುಗಿದ ಎರಡು ಹಡಗು, ಒಂದು ಬಂಡೆಸಾಲು, ಯುದ್ಧಕಾಲದ ಒಂದು ಲಂಗರು ಹೀಗೆ ನಕ್ಷೆಗೆ ಬಂದವು.

ಎರಡು ವರ್ಷದ ಮೇಲೆ, ಬೇಸಿಗೆಯಲ್ಲಿ ಕೇಬಲ್ ಹೊತ್ತ ಹಡಗು ಬಂತು. ಊರಿಗೆ ಊರೇ ದಡದಲ್ಲಿ ನೆರೆದಿತ್ತು. ಹಡಗಿನ ಹೊಟ್ಟೆಯಲ್ಲಿ, ಗಾಣದ ಹಾಗೆ ತಿರುಗುವ ದೊಡ್ಡ ತಟ್ಟೆಯ ಮೇಲೆ ಕೇಬಲ್ ಸುರುಳಿ ಸುತ್ತಿ ಮಲಗಿತ್ತು. ಗಟ್ಟಿ ಆಳಿನ ಮುಂದೋಳಿನಷ್ಟು ದಪ್ಪ. ನಡುವೆ ತಾಮ್ರ, ಅದರ ಸುತ್ತ ಎಣ್ಣೆಯಲ್ಲಿ ನೆನೆಸಿದ ಕಾಗದದ ನೂರಾರು ಪದರ, ಮೇಲೆ ಸೀಸ, ಅದರ ಮೇಲೆ ಉಕ್ಕಿನ ತಂತಿ. ಎರಡು ತುಂಡು ಕೂಡುವ ಕಡೆ ಯಂತ್ರಕ್ಕೆ ಕೆಲಸವಿಲ್ಲ. ಡೇರೆಯೊಳಗೆ ನಾಲ್ಕು ಜನ ಕೈಯಿಂದಲೇ, ಒಂದೊಂದು ಪದರವಾಗಿ ಕಾಗದ ಸುತ್ತುತ್ತಿದ್ದರು. ಬೆವರಿನ ಒಂದು ಹನಿ ಬಿದ್ದರೂ ಕೆಟ್ಟಿತು. ಸರದಿಯ ಮೇಲೆ, ಉಸಿರು ಬಿಗಿಹಿಡಿದ ಹಾಗೆ, ದಿನಗಟ್ಟಲೆ ಸುತ್ತಿದರು. ಗುನ್ವಾಲ್ ಒಮ್ಮೆ ಡೇರೆಯ ಸಂದಿಯಲ್ಲಿ ಇಣುಕಿ ನೋಡಿ ಬಂದು, "ಬಲೆ ಹೆಣೆಯೋದರಲ್ಲಿ ನಾನೇ ಜಾಣ ಅನ್ಕೊಂಡಿದ್ದೆ," ಎಂದಷ್ಟೇ ಹೇಳಿದ.

ಕೇಬಲ್ ಇಳಿಯುವ ದಿನಗಳಲ್ಲಿ ಅವನ ದೋಣಿಗೆ ಕಾವಲಿನ ಕೆಲಸ. ಬೇರೆ ದೋಣಿಗಳು ಹತ್ತಿರ ಬಾರದಂತೆ ಮುಂದೆ ಮುಂದೆ ಸಾಗುತ್ತಿದ್ದ. ಹಡಗು ಮನುಷ್ಯ ನಡೆಯುವ ವೇಗದಲ್ಲಿ ಹೋಗುತ್ತಿತ್ತು. ಹಿಂಬದಿಯ ಚಕ್ರದಿಂದ ಕೇಬಲ್ ಕಪ್ಪು ನೀರಿಗೆ ಇಳಿಯುತ್ತಲೇ ಇತ್ತು. ಕಮರಿಯ ನಡುವೆ ಬಂದಾಗ ಹಡಗಿನಿಂದ ತಳದವರೆಗೆ ಅರ್ಧ ಕಿಲೋಮೀಟರಿಗೂ ಹೆಚ್ಚು ಉದ್ದದ ಭಾರ ಜೋತಾಡುತ್ತಿತ್ತು. ಆಗಲೇ ಪಶ್ಚಿಮದ ಗಾಳಿ ಎದ್ದಿತು. ನಿಲ್ಲಿಸುವ ಹಾಗಿಲ್ಲ, ಓಡುವ ಹಾಗಿಲ್ಲ. ಆರು ಗಂಟೆ ಕಾಲ ಹಡಗಿನ ಕಪ್ತಾನ ಒಂದೇ ಕಡೆ ನಿಂತು, ಹಡಗನ್ನು ದಾರದ ಮೇಲೆ ನಡೆಸುವ ಹಾಗೆ ನಡೆಸಿದ. ಎಳೆತ ತೋರಿಸುವ ಮುಳ್ಳನ್ನು ಯೊರುನ್ ನೋಡುತ್ತಾ ಕೂತಳು. ಬಕೀಟಿನ ನೆನಪೇ ಅವಳಿಗೆ ಬರಲಿಲ್ಲ. ಮಧ್ಯಾಹ್ನ ಗಾಳಿ ತಗ್ಗಿದಾಗ ಹಾದಿ ಎಲ್ಲೂ ಹದಿನೈದು ಮೀಟರಿಗಿಂತ ಹೆಚ್ಚು ತಪ್ಪಿರಲಿಲ್ಲ.

ಮೂರನೆಯ ಬೆಳಿಗ್ಗೆ ಡೆನ್ಮಾರ್ಕಿನ ಮರಳ ದಂಡೆ ಕಂಡಿತು. ಗುಡ್ಡವಿಲ್ಲ, ಬಂಡೆಯಿಲ್ಲ, ಬಿಳಿ ಗೆರೆಯೊಂದು ಮಾತ್ರ. ಕೇಬಲ್ಲಿನ ತುದಿಗೆ ಗಾಳಿಚೀಲ ಕಟ್ಟಿ ತೇಲಿಬಿಟ್ಟು, ದಡದಿಂದ ಯಂತ್ರದಲ್ಲಿ ಎಳೆದರು. ಟೋರ್ಬೆನ್ ಸೊಂಟದುದ್ದ ನೀರಿಗಿಳಿದು ಅದನ್ನು ಎರಡು ಕೈಯಿಂದ ತಬ್ಬಿ ದಾರಿ ತೋರಿಸುತ್ತಾ ಬಂದ. ಮರಳಿನ ಮೇಲೆ ಕಾದಿದ್ದ ಹೆಂಗಸರು ಮಕ್ಕಳು ಚಪ್ಪಾಳೆ ತಟ್ಟಿದರು. ಯೊರುನ್ ಬೂಟು ಬಿಚ್ಚಿ ಬರಿಗಾಲಿನಲ್ಲಿ ನಿಂತಿದ್ದಳು. ಕೇಬಲ್ಲಿನ ಮೈಯಿಂದ ಸಮುದ್ರದ ನೀರು ಇನ್ನೂ ಸುರಿಯುತ್ತಿತ್ತು. ಅವಳು ಬಗ್ಗಿ ಒಂದು ಸಲ ಅದನ್ನು ಮುಟ್ಟಿದಳು.

ಗುನ್ವಾಲ್ ಸಣ್ಣ ದೋಣಿಯಲ್ಲಿ ದಡಕ್ಕೆ ಬಂದ. ಟೋರ್ಬೆನ್‌ನ ತಾಯಿ ಅವನಿಗೆ ಕಾಫಿ ಕೊಟ್ಟು, ಹೊಗೆಯಾಡಿಸಿದ ಮೀನಿಟ್ಟ ಕಪ್ಪು ರೊಟ್ಟಿಯ ತುಂಡು ಕೈಗಿತ್ತು ಏನೋ ಹೇಳಿದಳು.

"ಏನಂದ್ರು?" ಎಂದು ಅವನು ಯೊರುನ್‌ಳ ಕಡೆ ತಿರುಗಿದ.

"ಚಳಿಗಾಲದಲ್ಲಿ ನಿಮ್ಮ ಮನೆ ದೀಪ ಆರಿದರೆ ನಮಗೆ ಹೇಳಿ ಅಂತಿದಾರೆ."

ಗುನ್ವಾಲ್ ರೊಟ್ಟಿ ಅಗಿಯುತ್ತಾ ಯೋಚಿಸಿದ. "ನಮ್ಮ ಕಡೆ ನೀರು ಜೋರಾಗಿದ್ದಾಗ ನಾವೂ ಕಳಿಸ್ತೀವಿ ಅಂತ ಹೇಳು. ಬೇಕಾದಷ್ಟು ಆಲೂಗೆಡ್ಡೆ ಬೇಯಿಸ್ಕೊಳ್ಳಲಿ."

ಯೊರುನ್ ಹೇಳಿದಳು. ಮುದುಕಿ ಬಿದ್ದು ಬಿದ್ದು ನಕ್ಕು ಅವನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದಳು. ಅಷ್ಟರಲ್ಲಿ ಮರಳ ದಿಬ್ಬದ ಆಚೆಯಿಂದ ಯಾರೋ ಟೋರ್ಬೆನ್‌ನನ್ನು ಕೂಗಿದರು. ಕೇಬಲ್ಲಿನ ತುದಿ ನೆಲದ ಕೇಬಲ್ಲಿಗೆ ಕೂಡಿಸುವ ಗುಂಡಿಯವರೆಗೆ ಬಂದಿತ್ತು, ಕರೆಂಟು ಸರಿಯಾಗಿ ಹರಿಯುತ್ತದೆಯೋ ಎಂದು ಅಳೆದು ನೋಡಬೇಕಿತ್ತು. ಯೊರುನ್ ಬೂಟನ್ನು ಕೈಯಲ್ಲಿ ಹಿಡಿದುಕೊಂಡೇ ದಿಬ್ಬ ಹತ್ತಿ ಓಡಿದಳು.